ಮಾದೇವಿಯ ಪಟ್ಟಿಯಲ್ಲಿ ಇಲ್ಲದವರು

ಒಂದು ರೊಟ್ಟಿ ಹಂಚಿನ ಮೇಲಿತ್ತು, ಇನ್ನೊಂದನ್ನು ಪರಾತದಲ್ಲಿ ಬಡಿಯುತ್ತಿದ್ದೆ. ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಮಾದೇವಿ ಅಂಗಳದಲ್ಲಿ ನಿಂತು ನನ್ನ ಹೆಸರು ಹಿಡಿದು ಕರೆದಳು. ಎಸರು ಹಾಕಿ ನಾದಿದ ಜೋಳದ ಹಿಟ್ಟು ಯಾರಿಗೂ ಕಾಯುವುದಿಲ್ಲ, ಆರಿದರೆ ಅಂಚು ಬಿರಿಯುತ್ತದೆ. ಆದರೂ ಒಲೆ ಸಣ್ಣದು ಮಾಡಿ, ಹಿಟ್ಟಿನ ಕೈಯಲ್ಲೇ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಪಡಸಾಲೆಗೆ ಬಂದೆ. ಎರಡನೆಯ ಅಲೆಯ ಮೇ ತಿಂಗಳು. ಹಿಂದಿನ ಸಂಜೆಯಷ್ಟೇ ಫೋನಿಗೆ ಮೆಸೇಜು ಬಂದಿತ್ತು. ನನ್ನ ಅತ್ತೆ ಸರೋಜವ್ವನವರಿಗೂ ನನಗೂ ಪಾಸಿಟಿವ್. ನನ್ನ ಗಂಡ ಚನ್ನೇಶ ಮತ್ತು ಮಗಳು ದಾನೇಶ್ವರಿಗೆ ಇಲ್ಲ. ಮಾವ ಬಸವಣ್ಣೆಪ್ಪನವರು ಲಾಕ್‌ಡೌನ್ ಶುರುವಾದಾಗಿನಿಂದ ದನಗಳ ಜೊತೆ ಹೊಲದ ಮನೆಯಲ್ಲೇ ಇದ್ದರು.

ಮಾದೇವಿ ಬಾಗಿಲಿನಿಂದ ಬಹಳ ದೂರ ನಿಂತಿದ್ದಳು. ಪಂಚಾಯ್ತಿಯ ಇಬ್ಬರು ಬಾಗಿಲಿಗೆ ಅಡ್ಡ ಬಿದಿರು ಕಟ್ಟುತ್ತಿದ್ದರು. ಚೌಕಟ್ಟಿನ ಮೇಲೆ ಕೆಂಪು ಕಾಗದ ಆಗಲೇ ಅಂಟಿತ್ತು. ಅವಳು ನೋಟ್‌ಬುಕ್ ತೆರೆದು ಕೇಳಿದಳು.

"ನೀಲಕ್ಕಾರ, ಹದಿನಾಲ್ಕು ದಿನದಾಗ ಮನಿಗೆ ಯಾರ್ಯಾರು ಬಂದಿದ್ರು, ನೀವು ಎಲ್ಲೆಲ್ಲಿ ಹೋಗಿದ್ರಿ, ಎಲ್ಲಾ ಹೇಳ್ರಿ. ಒಬ್ರನ್ನೂ ಬಿಡಬ್ಯಾಡ್ರಿ."

ಹಿಂದಿನಿಂದ ನನ್ನ ಗಂಡ ಒಮ್ಮೆ ಗಂಟಲು ಸರಿಮಾಡಿಕೊಂಡರು. ಒಳಕೋಣೆಯ ಬಾಗಿಲ ಸಂದಿನಿಂದ ಅತ್ತೆಯ ದನಿ ಬಂತು, ಯಾರೂ ಬಂದಿಲ್ಲ ಅಂತ ಹೇಳು ಅಂದರು. ನಾನು ಹಾಗೇ ಹೇಳಿದೆ. ಯಾರೂ ಬಂದಿಲ್ಲ, ನಾವೂ ಎಲ್ಲೂ ಹೋಗಿಲ್ಲ.

"ಯಾರೂ ಅಂದ್ರ ಯಾರೂ? ಕೆಲಸದವ್ರು?"

"ಅನ್ನವ್ವ ಬರ್ತಾಳ."

"ಆಕಿಗೆ ಕೆಮ್ಮು, ಜ್ವರ ಏನಾರ?"

"ಆಯ್ತವಾರ ಕೆಮ್ಮಾಕತ್ತಿದ್ಲು. ಚಳಿ ಬಂತು ಅಂತ ಮನಿಗೆ ಹೋದ್ಲು."

ಹೇಳಿದ್ದು ಎರಡೂ ನಿಜ. ಮಾದೇವಿ ಬರೆದುಕೊಂಡಳು. ಬರೆಯುತ್ತಲೇ, ಹಂಗಾದ್ರ ಆಕಿ ಕಡಿಂದನ ಬಂತು ಬಿಡ್ರಿ ಅಂದಳು. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಪಕ್ಕದಲ್ಲಿ ಕಂಬ ಹಿಡಿದು ನಿಂತಿದ್ದ ದಾನಿ ತಲೆ ಎತ್ತಿ ನನ್ನ ಮುಖ ನೋಡಿದಳು. ಅವಳಿಗೆ ಒಂಬತ್ತು ವರ್ಷ. ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ನಾನು ಒಳಗೆ ಬಂದಾಗ ಹಂಚಿನ ಮೇಲಿನ ರೊಟ್ಟಿ ಕರಿದಾಗಿತ್ತು. ಸುಟ್ಟ ವಾಸನೆ ನನಗೆ ಬರಲಿಲ್ಲ. ನಾಲ್ಕು ದಿನದಿಂದ ನನಗೆ ಯಾವ ವಾಸನೆಯೂ ಬರುತ್ತಿರಲಿಲ್ಲ.

ಮಾದೇವಿಗೆ ನಾನು ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ. ಎಂಟು ದಿನ ಹಿಂದಿನ ಸೋಮವಾರ ಇದೇ ಪಡಸಾಲೆಯಲ್ಲಿ ನಾದಿನಿ ಶೀಲಾಳ ಕುಬಸ ಮಾಡಿದ್ದೆವು. ಅವಳಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲು. ಹಸಿರು ಸೀರೆ ಉಡಿಸದೆ, ಹಸಿರು ಬಳೆ ಇಡಿಸದೆ, ಉಡಿ ತುಂಬದೆ ಮಗಳನ್ನು ಹೇಗೆ ಬಿಡಲಿ ಎಂದು ಅತ್ತೆ ಹದಿನೈದು ದಿನ ಅತ್ತಿದ್ದರು. ನನ್ನ ಗಂಡ ಮೊದಲು ಒಪ್ಪಲಿಲ್ಲ. ಅವರು ಗ್ರಾಮ ಪಂಚಾಯ್ತಿ ಸದಸ್ಯರು, ಕೊರೊನಾ ಕಾರ್ಯಪಡೆಯಲ್ಲಿ ಇದ್ದವರು. ಆಟೋಕ್ಕೆ ಮೈಕು ಕಟ್ಟಿಸಿ, ಮದುವೆ, ಜಾವಳ, ಕುಬಸ ಏನೂ ಮಾಡುವಂತಿಲ್ಲ ಎಂದು ನಮ್ಮೂರು ಮಾಸೂರಿನ ಓಣಿ ಓಣಿಗೂ ತಾವೇ ಕೂಗಿ ಬಂದಿದ್ದರು. ಕೆಳಗಿನ ಓಣಿಯಲ್ಲಿ ಒಂದು ಮದುವೆಯ ಹಂದರ ಬಿಚ್ಚಿಸಿದ್ದರು. ಕೊನೆಗೆ ತಾಯಿಯ ಕಣ್ಣೀರಿಗೆ ಸೋತು, ಐದೇ ಮಂದಿ ಮುತ್ತೈದೆಯರು, ಬಾಜಾ ಇಲ್ಲ, ಬಾಗಿಲು ಹಾಕಿಕೊಂಡು, ಅಂದರು.

ಐದು ಮಂದಿ ಎಂದರೆ ಅತ್ತೆ, ನಾನು, ಸವಣೂರಿನ ಸೋದರತ್ತೆ, ಶಿಗ್ಗಾಂವಿಯ ಚಿಕ್ಕಮ್ಮ, ಹಾನಗಲ್ಲಿನಲ್ಲಿರುವ ನನ್ನ ನೆಗೆಣ್ಣಿ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಅಂಗಡಿ ತೆರೆಯುವ ಹೊತ್ತಿನಲ್ಲಿ ತರಕಾರಿ ಗಾಡಿಯಲ್ಲಿ ಬದನೆಕಾಯಿ ಬುಟ್ಟಿಗಳ ನಡುವೆ ಕೂತು ಪರಊರಿನ ಮೂವರೂ ಬಂದರು. ಬಳೆಗಾರ್ತಿ ಗುಲ್ನಾರ ಹಿತ್ತಲ ಬಾಗಿಲಿನಿಂದ ಬಂದು ಬಳೆ ಇಡಿಸಿ ಹಿತ್ತಲಿನಿಂದಲೇ ಹೋದಳು. ಎಲ್ಲರೂ ಮಾಸ್ಕು ಹಾಕಿದ್ದೆವು. ಬಾಗಿಲಲ್ಲಿ ಕೈಗೆ ಸ್ಯಾನಿಟೈಸರ್ ಹಾಕಲು ದಾನಿಯನ್ನು ನಿಲ್ಲಿಸಿದ್ದೆ. ಅವಳಿಗೆ ಅದೇ ದೊಡ್ಡ ಅಧಿಕಾರ. ಸವಣೂರ ಅತ್ತೆ ಕೆಮ್ಮುತ್ತ ಬಂದಾಗ, ಎರಡು ಸಲ ಹಾಕ್ತೇನಿ ನಿಮಗ, ಅಂದಿದ್ದಳು. ನಿಮ್ಮ ಸಲುವಾಗಿ ಖಾರಾ ಕರಿಯಾಕ ಕುಂತಿದ್ದೆ, ಒಗ್ಗರಣಿ ಘಾಟು, ಎಂದು ಅವರು ನಕ್ಕು ಅವಳ ಕೈಗೆ ಖಾರಾದ ಪೊಟ್ಟಣ ಕೊಟ್ಟರು.

ಅಷ್ಟೆಲ್ಲ ಕಾಳಜಿ ಮಾಡಿದ ನಾವು ಊಟಕ್ಕೆ ಕೂತಾಗ ಮಾಸ್ಕು ತೆಗೆದು, ಒಂದೇ ಗಂಗಾಳದ ಸುತ್ತ ಕೂತೆವು. ಬಸುರಿ ಹುಡುಗಿಯ ಬಯಕೆ ಊಟಕ್ಕೆ ಐದು ಮಂದಿ ಅವಳ ಗಂಗಾಳದಲ್ಲೇ ಕೈಯಿಡಬೇಕು, ಒಬ್ಬೊಬ್ಬರೂ ಅವಳ ಬಾಯಿಗೆ ತುತ್ತಿಟ್ಟು, ಅದರಲ್ಲೇ ತಾವೂ ಉಣ್ಣಬೇಕು. ಹೋಳಿಗೆ, ಮಾದಲಿ, ಎಣ್ಣೆಗಾಯಿ, ಮೂರು ಬಣ್ಣದ ಬುತ್ತಿ. ಬೇರೆ ಬೇರೆ ತಾಟು ಇಡೋಣವೇ ಎಂದು ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ. ಗಂಗಾಳ ಎಂದರೆ ಗಂಗಾಳ. ಅದು ಊಟ ಅಲ್ಲ ಎಂಬಂತೆ, ಅದಕ್ಕೆ ರೋಗ ತಟ್ಟುವುದಿಲ್ಲ ಎಂಬಂತೆ ಕೈಯಿಟ್ಟೆವು. ಆ ಗಂಗಾಳವನ್ನು ಸಂಜೆ ಬೆಳಗಿದವಳು ಅನ್ನವ್ವ. ಅದರಲ್ಲಿ ಉಳಿದದ್ದನ್ನು ಹಿತ್ತಲಲ್ಲಿ ಕೂತು ಉಂಡು, ನಾಲ್ಕು ಹೋಳಿಗೆ ಸೆರಗಿಗೆ ಕಟ್ಟಿಕೊಂಡು ಹೋದವಳೂ ಅವಳೇ.

ಬುಧವಾರ ಶೀಲಾ ರಟ್ಟೀಹಳ್ಳಿಗೆ ಗಂಡನ ಮನೆಗೆ ಹೋದಳು. ಗುರುವಾರ ಅತ್ತೆಗೆ ಜ್ವರ ಬಂತು. ಶುಕ್ರವಾರ ನಾನು ಇಂಗಿನ ಡಬ್ಬಿ ಮೂಗಿಗೆ ಹಿಡಿದು ನಿಂತೆ, ಏನೂ ಬರಲಿಲ್ಲ. ಅನ್ನವ್ವನಿಗೆ ಚಳಿ ಹತ್ತಿದ್ದು ಆಯಿತವಾರ.

ಬಿದಿರು ಕಟ್ಟಿದ ಮೇಲೆ ಮನೆ ಎಷ್ಟು ಸಣ್ಣದು ಎಂಬುದು ತಿಳಿಯಿತು. ಅತ್ತೆ ಒಳಕೋಣೆಯಲ್ಲಿ, ನಾನು ಅಡುಗೆ ಮನೆಯಲ್ಲಿ, ಗಂಡ ಮತ್ತು ಮಗಳು ಪಡಸಾಲೆಯಲ್ಲಿ. ರೋಗಿಯೂ ನಾನೇ, ಅಡುಗೆಯವಳೂ ನಾನೇ. ಎರಡು ಮಾಸ್ಕು ಹಾಕಿಕೊಂಡು ಅನ್ನ ಮಾಡಿ ಹೊಸ್ತಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದೆ. ಅವರು ಬಂದು ಎತ್ತಿಕೊಳ್ಳುತ್ತಿದ್ದರು. ದಾನಿಯ ಜಡೆ ಹಾಕಲು ಆಗುತ್ತಿರಲಿಲ್ಲ. ಅವಳೇ ಬಾಚಿಕೊಂಡು, ಬೈತಲೆ ಸೊಟ್ಟ ಮಾಡಿಕೊಂಡು, ನಾಲ್ಕು ಮಾರು ದೂರದಿಂದ ಹಿಂಗ ಆದ್ರ ನಡೀತೈತೇನು ಎಂದು ಕೇಳುತ್ತಿದ್ದಳು. ನಡೀತೈತಿ ಅನ್ನುತ್ತಿದ್ದೆ. ಮಾವ ಬೆಳಿಗ್ಗೆ ಹಾಲಿನ ತಂಬಿಗೆ ಕಟ್ಟೆಯ ಮೇಲಿಟ್ಟು, ಎಲ್ಲಾರೂ ಅದೀರಿಲ್ಲೋ ಎಂದು ಒಮ್ಮೆ ಕೂಗಿ ಹೋಗುತ್ತಿದ್ದರು. ಗಂಡ ದಿನವಿಡೀ ಫೋನಿನಲ್ಲಿ. ಒಳಗೇ ಕೂತು ಬೇರೆಯವರಿಗೆ, ಮಂದಿ ಕೂಡಿಸಬ್ಯಾಡ್ರಿ, ನಾವು ಹೇಳೂದು ನಿಮ್ಮ ಒಳ್ಳೇದಕ್ಕ, ಎಂದು ಬುದ್ಧಿ ಹೇಳುತ್ತಿದ್ದರು. ಆ ಮಾತು ಮುಗಿದಾಗಲೆಲ್ಲ ನಾನು ಯಾವುದಾದರೊಂದು ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದೆ. ಅಷ್ಟೇ ನನ್ನ ಕೈಲಾದದ್ದು.

ದಾನಿಗೆ ಮಾತು ಬಹಳ. ಕೊರೊನಾ ಕೋಳಿಗೆ ಬರ್ತೈತೇನು, ಇರುವಿಗೂ ಮೂಗು ಐತೇನು, ಕೆಂಪು ಕಾಗದ ಮಳಿಗೆ ಹರಿದ್ರ ನಾವು ಹೊರಗ ಹೋಗಬಹುದೇನು, ಹೀಗೆ ದಿನಕ್ಕೆ ಐವತ್ತು ಪ್ರಶ್ನೆ. ಆ ಒಂದನ್ನು ಮಾತ್ರ ಕೇಳುತ್ತಿರಲಿಲ್ಲ. ಕೆಲವು ಸಲ ಹೊಸ್ತಿಲ ತನಕ ಬಂದು ಅವ್ವಾ ಎನ್ನುತ್ತಿದ್ದಳು. ಏನು ಎಂದರೆ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಏನಿಲ್ಲ ಎಂದು ತಿರುಗಿ ಹೋಗುತ್ತಿದ್ದಳು. ಕೇಳಿಬಿಡಲಿ ಎಂದು ಒಮ್ಮೆ ಅನ್ನಿಸುತ್ತಿತ್ತು. ಕೇಳದಿರಲಿ ಎಂದು ಕೈ ಮುಗಿಯುವಷ್ಟು ಹೆದರಿಕೆಯೂ ಆಗುತ್ತಿತ್ತು. ಅವಳಿಗೆ ಸುಳ್ಳು ಹೇಳಬಾರದು ಎಂದು ಕಲಿಸಿದವಳು ನಾನು. ಬೈದು ಕಲಿಸಿದ್ದಲ್ಲ, ಮಡಿಲಲ್ಲಿ ಕೂರಿಸಿಕೊಂಡು ಕಲಿಸಿದ್ದು.

ಬೇಳೆ ಕುಕ್ಕರಿಗೆ ಹಾಕಿ ಬಂದೆ. ಮುಂದಿನದನ್ನು ಬರೆಯುತ್ತೇನೆ.

ನಮ್ಮಲ್ಲಿ ಕೋಣೆಗಳು ಇದ್ದವು, ನಮ್ಮನ್ನು ಮನೆಯಲ್ಲೇ ಬಿಟ್ಟರು. ಕೆಳಗಿನ ಓಣಿಯ ಅನ್ನವ್ವನದು ಒಂದೇ ಖೋಲಿ. ಆ ಖೋಲಿಯಲ್ಲಿ ಅವಳು, ಗಂಡ ಮೈಲಾರಲಿಂಗ, ಮಗಳು ಭಾಗ್ಯಶ್ರೀ. ಪರೀಕ್ಷೆಯಲ್ಲಿ ಅವಳಿಗೆ ಪಾಸಿಟಿವ್ ಬಂದ ಮೇಲೆ ಶುಕ್ರವಾರ ಗಾಡಿ ಬಂದು ಅವಳನ್ನು ಹಿರೇಕೆರೂರಿನ ಆರೈಕೆ ಕೇಂದ್ರಕ್ಕೆ ಕರೆದುಕೊಂಡು ಹೋಯಿತು. ಗಾಡಿ ನಮ್ಮ ಮನೆಯ ಮುಂದೆಯೇ ಹೋಯಿತು. ದಾನಿ ಕಿಟಕಿ ಹಿಡಿದು ನಿಂತು ಅನ್ನವ್ವಾ ಎಂದು ಕೂಗಿದಳು. ಗಾಜು ಮುಚ್ಚಿತ್ತು.

ಆ ಮೇಲಿನ ಸುದ್ದಿಯೆಲ್ಲ ಮಾದೇವಿಯಿಂದ ಬರುತ್ತಿತ್ತು. ಅವಳು ದಿನಾ ಬೆಳಿಗ್ಗೆ ಬಂದು, ಬೆರಳಿಗೆ ಹಾಕುವ ಮಷಿನನ್ನು ಕೋಲಿನ ತುದಿಯ ಚೀಲದಲ್ಲಿ ಬಿದಿರಿನ ಸಂದಿನಿಂದ ಒಳಗೆ ಚಾಚುತ್ತಿದ್ದಳು. ಮೀನು ಹಿಡ್ಯಾಕ ಬಂದಾಂಗ ಆಗೈತಿ ನನ್ನ ಬಾಳೇವು, ಎಂದು ನಗುತ್ತಿದ್ದಳು. ಕೆಳಗಿನ ಓಣಿಯವರು ಮೈಲಾರಲಿಂಗನನ್ನು ನಳದ ಹತ್ತಿರ ಬರಗೊಡುತ್ತಿಲ್ಲವಂತೆ. ಅವನು ಕಾಲುವೆಯಿಂದ ನೀರು ತರುತ್ತಾನಂತೆ. ಅವರ ಬಾಗಿಲಿಗೆ ಯಾರೋ ಜಾಲಿಮುಳ್ಳಿನ ಕಂಟಿ ಎಳೆದು ಹಾಕಿದ್ದಾರಂತೆ. ಕೆರೆಯ ಕೆಳಗಿನ ಗದ್ದೆಗಳಿಗೂ ಅವನನ್ನು ಕೂಲಿಗೆ ಕರೆಯುತ್ತಿಲ್ಲ. ಇಡೀ ಮಾಸೂರಿಗೆ ರೋಗ ತಂದಾಕಿ ಅನ್ನವ್ವ ಎಂಬ ಮಾತಾಗಿದೆಯಂತೆ. ನನ್ನಿಂದ ಅದು ಹೊರಗ ಹೋಗಿಲ್ಲ ನೀಲಕ್ಕಾರ, ಪಟ್ಟಿ ಪಂಚಾಯ್ತಿಗೆ ಕೊಡಬೇಕಲ್ಲ, ಅಲ್ಲಿಂದ ಹೋಗೈತಿ, ಎಂದು ಮಾದೇವಿ ತನ್ನ ತಪ್ಪೆಂಬಂತೆ ಹೇಳಿದಳು. ಪಾಪ, ಅವಳ ತಪ್ಪೇನಿತ್ತು?

ಮಾವನ ಕೈಯಲ್ಲಿ ಅಕ್ಕಿ, ಬೇಳೆ, ಹಾಲು ಕೆಳಗಿನ ಓಣಿಗೆ ಕಳಿಸಿದೆ. ಕಳಿಸಿದಷ್ಟೂ ನನಗೆ ನನ್ನ ಮೇಲೆ ಅಸಹ್ಯವಾಯಿತು.

ಅತ್ತೆಯ ಕೋಣೆಯ ಬಾಗಿಲಿಗೆ ನಿಂತು, ನಿಜ ಹೇಳಿಬಿಡೋಣ ಅತ್ತಿ, ಅಂದೆ. ಅತ್ತೆ ಕೆಟ್ಟವರಲ್ಲ. ಅನ್ನವ್ವನಿಂದ ಕಾಲು ತಿಕ್ಕಿಸಿಕೊಳ್ಳುವಾಗ ಅವಳ ಮಗಳ ಶಾಲೆಯ ಬಗ್ಗೆ ನನಗಿಂತ ಹೆಚ್ಚು ಕೇಳುವವರು. ಅವರು ಒಳಗಿನಿಂದಲೇ ಹೇಳಿದರು.

"ಕುಬಸದಿಂದ ಜಡ್ಡು ಬಂತು ಅಂತ ರಟ್ಟೀಹಳ್ಳ್ಯಾಗ ಗೊತ್ತಾದ್ರ ಶೀಲಾನ್ನ ಬಾಣಂತನಕ್ಕ ಕಳಸ್ತಾರೇನು, ನೀನ ಹೇಳು. ಚೊಚ್ಚಲ ಬಾಣಂತನ ಅತ್ತಿ ಮನ್ಯಾಗ ಆತಂದ್ರ ನಾ ಇದ್ದೂ ಸತ್ತಾಂಗ. ಅನ್ನವ್ವ ನಮ್ಮಾಕಿ. ಬಂದ ಮ್ಯಾಲೆ ಆಕಿಗೊಂದು ಇಳಕಲ್ ಸೀರಿ ತಂದು ಉಡಸ್ತೇನಿ."

ದಿನಕ್ಕೆ ಎರಡು ಸಲ ಅವರು ಶೀಲಾಳಿಗೆ ಫೋನು ಮಾಡಿ, ವಾಸನಿ ಬರ್ತೈತೇನು, ಈಗ ಏನರ ಮೂಸಿ ನೋಡು, ನಾ ಹಿಡದಿರ್ತೇನಿ, ಎಂದು ಕೇಳುತ್ತಿದ್ದರು. ಬರ್ತೈತಿ ಬೇ, ದಿನಾ ಎಷ್ಟ ಸಲ ಸಾಬೂನು ಮೂಸ್ಲಿ, ಎಂದು ಅವಳು ಆ ಕಡೆ ಬೇಸರಪಡುತ್ತಿದ್ದಳು. ಅವಳಿಗೆ ಏನೂ ಆಗಲಿಲ್ಲ. ಸವಣೂರ ಅತ್ತೆ ಮಾತ್ರ ಹಾಸಿಗೆ ಹಿಡಿದಿದ್ದರು. ಹವಾ ಬದಲಾಗೈತಿ ಅಷ್ಟ, ಎನ್ನುತ್ತಿದ್ದರಂತೆ.

ಒಂದು ದಿನ ಅತ್ತೆ, ಬೇಕಾದ್ರ ಆ ಬಳೆಗಾರ್ತಿ ಗುಲ್ನಾರನ ಹೆಸರು ಹೇಳೋಣೇನು, ಆಕಿ ಊರೂರು ತಿರಗ್ತಾಳ, ಅಂದರು. ಬಳೆಗಾರ್ತಿ ನಮ್ಮನಿಗೆ ಯಾಕ ಬಂದಿದ್ಲು ಅಂತ ಕೇಳಿದ್ರ, ಎಂದು ನನ್ನ ಗಂಡ ಪಡಸಾಲೆಯಿಂದಲೇ ಕೇಳಿದರು. ಅತ್ತೆ ಆ ಮಾತು ಬಿಟ್ಟರು. ಗುಲ್ನಾರ ಹಾಗೆ ಉಳಿದಳು. ಅನ್ನವ್ವ ಉಳಿಯಲಿಲ್ಲ. ಅವಳು ನಮ್ಮ ಮನೆಗೆ ಬರಲು ಕಾರಣ ಬೇಕಿರಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಅನ್ನವ್ವ. ಪಕ್ಕದ ಮಂಚದವರ ಫೋನು ಇಸಿದುಕೊಂಡಿದ್ದಳು. ಆರಾಮ ಅದೇನಿ, ಇಲ್ಲಿ ಚಪಾತಿ ಕೊಡ್ತಾರ, ರೊಟ್ಟಿ ಇಲ್ಲ, ನಿಮ್ಮ ಶೇಂಗಾ ಹಿಂಡಿ ನೆನಪಾಕೈತಿ, ಎಂದು ಮೊದಲು ನಗಿಸಿದಳು. ಅಮ್ಮಾರು ಹ್ಯಾಂಗ ಅದಾರ ಎಂದು ಅತ್ತೆಯ ಬಗ್ಗೆ ಕೇಳಿದಳು. ಆಮೇಲೆ ದನಿ ಇಳಿಸಿದಳು.

"ಅಕ್ಕಾರ, ಇಲ್ಲಿ ಡಾಕ್ಟರು ಕೇಳಿದ್ರು, ಮಾದೇವಕ್ಕನೂ ಕೇಳಿದ್ಲು. ನಾ ಕುಬಸದ ಸುದ್ದಿ ಎತ್ತಿಲ್ರಿ. ನಿಮ್ಮನಿ ಮಾತು ನಾ ಯಾಕ ಹೊರಗ ಹಾಕ್ಲಿ. ನೀವು ಚಿಂತಿ ಮಾಡಬ್ಯಾಡ್ರಿ."

ನನ್ನ ಬಾಯಿಂದ ಹೂಂ ಎಂಬುದಷ್ಟೇ ಬಂತು. ಅವಳಿಗೆ ಊರಿನ ಮಾತು ಇನ್ನೂ ಮುಟ್ಟಿರಲಿಲ್ಲ. ತನ್ನ ಹೆಸರನ್ನು ಕೊಟ್ಟವಳು ನಾನೆಂದೂ ಗೊತ್ತಿರಲಿಲ್ಲ. ಭಾಗ್ಯಾನ್ನ ಸ್ವಲ್ಪ ನೋಡಕೋರಿ, ಆಕಿ ತಲಿ ಹಿಕ್ಕೋದು ಅವರಪ್ಪಗ ಬರೂದಿಲ್ಲ, ಎಂದು ಹೇಳಿ ಫೋನು ಇಟ್ಟಳು. ಹಿಂದಿರುಗಿ ನೋಡಿದರೆ ದಾನಿ ಹೊಸ್ತಿಲ ಮೇಲೆ ಕೂತಿದ್ದಳು. ಅನ್ನವ್ವನ ದನಿ ದೊಡ್ಡದು. ಫೋನಿನೊಳಗಿದ್ದರೂ ಮನೆಯೆಲ್ಲ ಕೇಳಿಸುತ್ತದೆ.

ನಾನು ಮತ್ತೆ ಪಾತ್ರೆಗೆ ಕೈ ಹಾಕಿದೆ. ಅವಳು ಅಲ್ಲಿಂದ ಏಳಲಿಲ್ಲ.

ಮರುದಿನ ಬಂದ ಸುದ್ದಿ ಸಣ್ಣದಾಗಿರಲಿಲ್ಲ. ಅನ್ನವ್ವನ ಪಕ್ಕದ ಮನೆಯ ಮುದುಕ ಶಿದ್ಲಿಂಗಪ್ಪ ತೀರಿಕೊಂಡರು. ಹಾವೇರಿಯ ಆಸ್ಪತ್ರೆಗೆ ಕರೆದುಕೊಂಡು ಹೋದ ಮೂರನೆಯ ದಿನ. ಹೆಣ ಊರಿಗೆ ಬರಲಿಲ್ಲ. ಒಂಟಿ ಮನುಷ್ಯ. ಅನ್ನವ್ವ ದಿನಾ ಅವರಿಗೆ ಚಹಾ, ಅಂಬಲಿ ಒಯ್ದು ಕೊಡುತ್ತಿದ್ದಳು. ಇಷ್ಟು ದಿನ ಅವಳನ್ನು ರೋಗ ತಂದಾಕಿ ಅನ್ನುತ್ತಿದ್ದ ಓಣಿ ಈಗ ಕೊಂದಾಕಿ ಎನ್ನತೊಡಗಿತು. ಅವಳು ಗುಣವಾಗಿ ಬಂದರೂ ಓಣಿಯೊಳಗೆ ಕಾಲಿಡಗೊಡುವುದಿಲ್ಲ ಎಂದು ನಾಲ್ಕು ಮಂದಿ ಹಿರಿಯರು ಮಾತಾಡಿಕೊಂಡಿದ್ದಾರೆ ಎಂದು ಮಾದೇವಿ ಹೇಳಿದಳು. ಮೈಲಾರಲಿಂಗ ಬಾಗಿಲು ತೆರೆಯುತ್ತಿಲ್ಲವಂತೆ.

ಅಂದು ನಾನು ಹಿತ್ತಲ ಬಾಗಿಲಲ್ಲಿ ನಿಂತು ಮಾದೇವಿಗೆ ಫೋನು ಹಚ್ಚಿದೆ. ಹಲೋ ಅಂದಳು. ಹೇಳ್ರಿ ನೀಲಕ್ಕಾರ, ಉಸಿರಾಟ ಏನರ ತ್ರಾಸ ಆಗೈತೇನು, ಅಂದಳು. ನನ್ನ ಗಂಡ ಬಂದು ಎದುರು ನಿಂತರು. ಕಸಿದುಕೊಳ್ಳಲಿಲ್ಲ, ಬೈಯಲಿಲ್ಲ. ಗುಳಿಗಿ ಮುಗದಾವು, ನಾಳೆ ಬರುವಾಗ ತಗೊಂಡ್ ಬಾ, ಎಂದು ಹೇಳಿ ಇಟ್ಟೆ.

"ಹದಿನೈದು ವರ್ಷದಿಂದ ಗಳಿಸಿದ ಹೆಸರು ಐತಿ," ಎಂದರು ಅವರು. "ನಾನ ಮೈಕು ಹಿಡದು ಕೂಗೇನಿ. ಆ ಮದುವಿ ಹಂದರ ನಾನ ಬಿಚ್ಚಿಸೇನಿ. ಇದು ಹೊರಗ ಬಿದ್ದ ಮ್ಯಾಲೆ ನಾ ಯಾವ ಓಣ್ಯಾಗ ಅಡ್ಡಾಡ್ಲಿ?"

ಅನ್ನವ್ವ ಯಾವ ಓಣ್ಯಾಗ ಅಡ್ಡಾಡಬೇಕು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಅವರ ಕಣ್ಣ ಕೆಳಗೆ ಕಪ್ಪಾಗಿತ್ತು. ಅವರೂ ಸರಿಯಾಗಿ ನಿದ್ದೆ ಮಾಡುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು. ಹದಿಮೂರು ವರ್ಷ ಜೊತೆಗಿದ್ದವರ ಮುಖ ನೋಡಿದರೆ ಎಷ್ಟೋ ಮಾತು ಆಡಲಾಗುವುದಿಲ್ಲ. ಬಿದಿರು ಬಾಗಿಲಿಗೆ ಮಾತ್ರ ಇತ್ತು. ನಾನು ಸಿಕ್ಕಿಕೊಂಡದ್ದು ಅದರಿಂದಲ್ಲ. ಒಂದು ಕಡೆ ಗಂಡ, ಒಂದು ಕಡೆ ನಾದಿನಿಯ ಬಾಣಂತನ, ಎದುರಿಗೆ ಹೊಸ್ತಿಲ ಮೇಲೆ ಗಲ್ಲಕ್ಕೆ ಕೈಯಿಟ್ಟು ಕೂತ ಮಗಳು. ಯಾವ ಕಡೆಗೆ ಹೊರಳಿದರೂ ಒಬ್ಬರನ್ನು ತುಳಿಯಬೇಕಿತ್ತು. ಅಲ್ಲಿಯವರೆಗೆ ನಾನು ತುಳಿದದ್ದು ದನಿಯೆತ್ತದವಳನ್ನು.

ಹದಿನೇಳನೆಯ ದಿನ ಬಂತು. ಬೆಳಿಗ್ಗೆ ಪಂಚಾಯ್ತಿಯವರು ಬಂದು ಬಿದಿರಿನ ಹಗ್ಗ ಕೊಯ್ದರು. ಮಾದೇವಿ ಕೆಂಪು ಕಾಗದ ಕಿತ್ತಳು. ಅರ್ಧ ಅಂಟು ಚೌಕಟ್ಟಿನಲ್ಲೇ ಉಳಿಯಿತು. ಅತ್ತೆ ಗೋಡೆ ಹಿಡಿದುಕೊಂಡು ಪಡಸಾಲೆಗೆ ಬಂದು ಬಿಸಿಲಿಗೆ ಕಾಲು ಚಾಚಿ ಕೂತರು. ನಾನು ದಾನಿಯನ್ನು ಹತ್ತಿರ ಕರೆದು, ತೊಡೆಯ ನಡುವೆ ಕೂರಿಸಿಕೊಂಡು, ಗಂಟುಗಂಟಾಗಿದ್ದ ಅವಳ ಕೂದಲಿಗೆ ಎಣ್ಣೆ ಹಚ್ಚಿದೆ. ಅವಳ ನೆತ್ತಿಯ ಬಿಸಿ ಅಂಗೈಗೆ ತಾಗಿದಾಗ ಕಣ್ಣು ತುಂಬಿತು. ಎಣ್ಣೆಯ ವಾಸನೆ ಸಣ್ಣಗೆ ಬರತೊಡಗಿತ್ತು.

ಮಾದೇವಿ ಮಾತ್ರ ಹೋಗದೆ ನಿಂತಿದ್ದಳು. ಅಣ್ಣಾರು ಸ್ವಲ್ಪ ಕೆಳಗಿನ ಓಣಿಗೆ ಬರಬೇಕು ಎಂದು ನನ್ನ ಗಂಡನಿಗೆ ಹೇಳಿದಳು. ಅನ್ನವ್ವನನ್ನು ಮುಂಜಾನೆ ಗಾಡಿ ತಂದು ಬಸ್‌ಸ್ಟ್ಯಾಂಡಿನ ಹತ್ತಿರ ಇಳಿಸಿ ಹೋಗಿದೆ. ಓಣಿಯ ಬಾಯಿಗೆ ಜನ ನಿಂತಿದ್ದಾರೆ. ಒಳಗೆ ಬಿಡುತ್ತಿಲ್ಲ. ಅವಳು ಗಂಟು ಇಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದಾಳೆ, ಮಗಳು ಭಾಗ್ಯಶ್ರೀ ಓಣಿಯ ಒಳಗಿನಿಂದ ಅಳುತ್ತಿದ್ದಾಳೆ. ನೆಗೆಟಿವ್ ಬಂದೈತಿ, ಕಾಗದ ತೋರಿಸಿದ್ರೂ ಕೇಳವಲ್ರು, ಕಾರ್ಯಪಡೆಯವರು ಬಂದು ಹೇಳಲಿ ಅಂತಾರ, ಎಂದಳು ಮಾದೇವಿ.

ನನ್ನ ಗಂಡ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಅವರನ್ನೂ ಎದುರು ಹಾಕಿಕೊಳ್ಳಲು ಬರುವುದಿಲ್ಲ, ಒಂದು ಹತ್ತು ದಿನ ಅವಳು ಶಾಲೆಯ ಖೋಲಿಯಲ್ಲಿ ಇರಲಿ, ಜನರ ಸಿಟ್ಟು ಇಳಿಯಲಿ, ಎಂದರು. ಊಟ ನಮ್ಮ ಮನೆಯಿಂದ ಕಳಿಸೋಣ ಎಂದರು ಅತ್ತೆ. ಮಾದೇವಿ ಒಪ್ಪಲಿಲ್ಲ. ಗುಣಾಗಿ ಬಂದಾಕಿನ್ನ ಮತ್ತ ಯಾಕ ಕೂಡಿ ಹಾಕೂದ್ರಿ, ಆಕಿ ತಪ್ಪೇನು, ಅಂದಳು. ಗಂಡ ಮೇಲಿನ ಗುಂಡಿಯನ್ನೂ ಹಾಕಿಕೊಂಡರು. ಆಮೇಲೆ, ಎಲ್ಲಿಯೋ ನೋಡುತ್ತ, "ತಪ್ಪು ಅಲ್ಲ ಮಾದೇವಿ. ಆದ್ರ ಊರಿಗೆ ಜಡ್ಡು ಆಕಿ ಕಡಿಂದನ ಬಂದದ್ದು ಅಂತ ನಿನ್ನ ಪಟ್ಟ್ಯಾಗ ಐತಲ್ಲ," ಅಂದರು.

ನನ್ನ ಕೈಯಲ್ಲಿ ಮೂರು ಎಳೆ ಕೂದಲಿತ್ತು. ಒಂದರ ಮೇಲೊಂದು ಹಾಕುವುದನ್ನು ಮರೆತೆ. ಮಾದೇವಿ ನನ್ನ ಕಡೆ ನೋಡಿದಳು. ಅತ್ತೆ ಬಿಸಿಲಿನಿಂದ ಕಾಲು ಹಿಂದಕ್ಕೆ ತೆಗೆದುಕೊಂಡರು. ಹೌದು ಎಂದರೆ ಅನ್ನವ್ವ ಮತ್ತೆ ಒಂದು ಖೋಲಿಗೆ ಹೋಗುತ್ತಾಳೆ, ಈ ಸಲ ರೋಗವಿಲ್ಲದೆ. ಅಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಹದಿನೇಳು ದಿನ ಏಳದ ನಾಲಿಗೆ.

ದಾನಿ ಜಡೆಯನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಎದ್ದು ನಿಂತಳು. ಅರ್ಧ ಹೆಣೆದ ಕೂದಲು ಬಿಚ್ಚಿಕೊಂಡು ಹೆಗಲ ಮೇಲೆ ಬಿತ್ತು. ಅವಳು ಅಪ್ಪನನ್ನು ನೋಡಲಿಲ್ಲ, ಅಜ್ಜಿಯನ್ನೂ ನೋಡಲಿಲ್ಲ. ನನ್ನತ್ತ ತಿರುಗಿದಳು. ಸಿಟ್ಟಿನ ಮುಖವಲ್ಲ. ಲೆಕ್ಕ ತಿಳಿಯದಾಗ ಪಾಟಿ ಹಿಡಿದು ನನ್ನ ಹತ್ತಿರ ಬರುತ್ತಾಳಲ್ಲ, ಅದೇ ಮುಖ.

"ಅವ್ವಾ," ಎಂದಳು. "ಕುಬಸಕ್ಕ ಬಂದವ್ರನ್ನೆಲ್ಲಾ ಬಿಟ್ಟು, ಅವತ್ತ ನೀ ಅನ್ನವ್ವನ ಹೆಸರು ಒಂದ ಯಾಕ ಹೇಳಿದಿ?"